ನಮ್ಮ ಯಲಹಂಕದಲ್ಲಿ ಯಾವುದು ಯಾರ ಸುಪರ್ದಿಗೆ? ಮರ, ಕೆರೆ, ವಾರ್ಡು – ಗೊತ್ತಿದ್ದವರು ಹೇಳಿ

ಉಪನಗರದ ಹೊಸಬ – ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬಂದು ಯಲಹಂಕ ಉಪನಗರದಲ್ಲಿ ಬಾಡಿಗೆಗೆ ಸೇರಿ ಎಂಟು ತಿಂಗಳಾಯ್ತು. ದೀಪಾವಳಿ ಹೊತ್ತಿನ ಮಳೆಗೆ ಮನೆ ಮುಂದಿನ ಹೊಂಗೆ ಮರದ ದಪ್ಪ ಕೊಂಬೆ ಮುರಿದು ಬಿತ್ತು. ಅರ್ಧ ರಸ್ತೆಗೆ, ಅರ್ಧ ಓನರ್ ಕಾಂಪೌಂಡಿನ ಮೇಲೆ. ಒಂದು ಕಚೇರಿಗೆ ಹೋದೆ, "ಇದು ನಮಗೆ ಬರಲ್ಲ" ಅಂದರು. ಇನ್ನೊಂದಕ್ಕೆ ಹೋದೆ, "ವಾರ್ಡ್ ಯಾವುದು?" ಅಂದರು. ಓನರ್ ಹೇಳಿಕೊಟ್ಟ ಹೆಸರು ಹೇಳಿದೆ. "ಅದು ಹಳೇದು, ಈಗಿಲ್ಲ" ಅಂದರು. ಹೊಸದು ಯಾವುದು ಅಂತ ಕೇಳಿದರೆ ಅವರೂ ಪಕ್ಕದವರ ಮುಖ ನೋಡಿದರು.

ಈಗ ಎಲೆಯೆಲ್ಲ ಒಣಗಿ ಉದುರಿ ಕಟ್ಟಿಗೆ ಮಾತ್ರ ಉಳಿದಿದೆ. ಬೀದಿ ಮಕ್ಕಳು ಅದನ್ನೇ ವಿಕೆಟ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ನಾವೀಗ ಯಾರ ಕೈಕೆಳಗೆ ಬರುತ್ತೇವೆ? ಇನ್ನೊಂದು, ಮುಂದಿನ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ. ಮಾಲ್ ಬಿಟ್ಟು ಇಲ್ಲೇ ಹತ್ತಿರದಲ್ಲಿ ತೋರಿಸುವಂಥದ್ದು ಏನಾದರೂ ಇದೆಯಾ?

ಅಲ್ಲಾಳಸಂದ್ರ ಗೇಟ್ – ರಾತ್ರಿ 10:05

ಕೊಂಬೆ ಕರೆಂಟ್ ತಂತಿಗೆ ತಾಗಿದೆಯಾ, ಮೊದಲು ಅದನ್ನ ನೋಡಿ. ತಾಗಿದ್ದರೆ 1912, ಬೆಸ್ಕಾಂ. ಅವರು ಲೈನ್ ಆಫ್ ಮಾಡುವ ತನಕ ಯಾರೂ ಮುಟ್ಟಬಾರದು, ಮಕ್ಕಳಂತೂ ಹತ್ತಿರಕ್ಕೂ ಹೋಗಬಾರದು. ತಾಗಿಲ್ಲದಿದ್ದರೆ ಪಾಲಿಕೆ ಸಹಾಯವಾಣಿ 1533ಕ್ಕೆ ಫೋನ್ ಮಾಡಿ. ವಾರ್ಡ್ ಹೆಸರು ಗೊತ್ತಿಲ್ಲದಿದ್ದರೂ ಬಿಡಿ, ಅಡ್ಡರಸ್ತೆ ನಂಬರ್, ಪಕ್ಕದ ಅಂಗಡಿಯ ಗುರುತು ಹೇಳಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕಚೇರಿಯಿಂದ ಕಚೇರಿಗೆ ಸುಮ್ನೆ ಅಲೆಯಬೇಡಿ. ಬಾಯಿಮಾತಿನ ದೂರಿಗೆ ಲೆಕ್ಕ ಇರುವುದಿಲ್ಲ.

ಇನ್ನೊಂದು ವಿಷಯ. ಬಿದ್ದ ಕೊಂಬೆ ಬೇರೆ, ನಿಂತ ಮರ ಬೇರೆ. ನಿಂತ ಮರ ನಿಮ್ಮ ಓನರ್ ಕಾಂಪೌಂಡ್ ಒಳಗಿದ್ದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. 1976ರ ಕಾಯ್ದೆ ಇದೆ. "ಹೇಗೂ ಕೊಂಬೆ ಬಿತ್ತು, ಮರಾನೂ ತೆಗೆಸಿಬಿಡೋಣ" ಅಂತ ಯಾರಾದರೂ ಗರಗಸ ತಂದರೆ ತಡೆಯಿರಿ.

ಸಂತೆ ಬೀದಿ – ರಾತ್ರಿ 10:52

ತಮ್ಮಾ, "ಹಳೇದು" ಅಂದರೆ ಯಾವ ಹಳೇದು? ಇಲ್ಲಿ ಮೂರು ಪದರ ಇದೆ.

ನಾನು ಇಲ್ಲೇ ಹುಟ್ಟಿದವನು. 2007ರ ಜನವರಿವರೆಗೆ ನಮಗೆ ನಮ್ಮದೇ ನಗರಸಭೆ ಇತ್ತು. ಆಮೇಲೆ ಬೆಂಗಳೂರು ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲವನ್ನೂ ಒಟ್ಟು ಸೇರಿಸಿ ಬಿಬಿಎಂಪಿ ಮಾಡಿದರು. 198 ವಾರ್ಡ್. ನಂಬರ್ ಹಾಕಲು ಶುರು ಮಾಡಿದ್ದೇ ನಮ್ಮಿಂದ. 1 ಕೆಂಪೇಗೌಡ ವಾರ್ಡ್, 2 ಚೌಡೇಶ್ವರಿ, 3 ಅಟ್ಟೂರು, 4 ಯಲಹಂಕ ಉಪನಗರ. ನಿಮ್ಮ ಓನರ್ ಹೇಳಿದ್ದು ಬಹುಶಃ ಈ ನಾಲ್ಕರಲ್ಲಿ ಒಂದು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯೇ ಇಲ್ಲ. ಐದು ನಗರ ಪಾಲಿಕೆ, ಅದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಾವು ಬೆಂಗಳೂರು ಉತ್ತರ ನಗರ ಪಾಲಿಕೆ. ಅದಕ್ಕೆ 72 ವಾರ್ಡ್. ಗೆರೆ ಎಲ್ಲಾ ಹೊಸದಾಗಿ ಎಳೆದಿದ್ದಾರೆ. ಕಚೇರಿಯವರು ಪಕ್ಕದವರ ಮುಖ ನೋಡಿದ್ದು ಅದಕ್ಕೇ.

ನನಗೆ ನಗು ಬರುವುದು ಬೇರೆ ವಿಷಯಕ್ಕೆ. ಬೆಂಗಳೂರು ಕಟ್ಟಿದವರು ಯಲಹಂಕ ನಾಡಪ್ರಭುಗಳು. 1537ರಲ್ಲಿ ಕೆಂಪೇಗೌಡರು ಇಲ್ಲಿಂದ ಅಲ್ಲಿಗೆ ಹೋಗಿ ಕೋಟೆ ಕಟ್ಟಿದರು. ಆಮೇಲೆ ನಾಲ್ಕು ದಿಕ್ಕಿಗೆ ಗೋಪುರ ನಿಂತವಲ್ಲ, ಉತ್ತರದ್ದು ಮೇಖ್ರಿ ಸರ್ಕಲ್ ಹತ್ತಿರ ಇದೆ. ಅಂದರೆ ನಮ್ಮೂರು ಆ ಎಲ್ಲೆಯ ಆಚೆಗೇ ಉಳಿಯಿತು. ತಾಯಿ ಬೇರು ಹೊರಗೆ, ಮರ ಒಳಗೆ! ಊರೊಳಗೆ ಬರಲು ನಮಗೆ 470 ವರ್ಷ ಬೇಕಾಯ್ತು, ಬಂದ ಮೇಲೆ "ವಾರ್ಡ್ ಯಾವುದು" ಅಂತ ಕೇಳುತ್ತಿದ್ದಾರೆ.

ನ್ಯೂಟೌನ್ ಅಕ್ಕ – ರಾತ್ರಿ 11:15

ಸಂತೆ ಬೀದಿ ಅಣ್ಣ ಶುರು ಮಾಡಿದರು ನಗರಸಭೆ ಪುರಾಣ 😄 ಆಗ ಎಲ್ಲ ಚೆನ್ನಾಗಿತ್ತು ಅಂತ ಮುಂದೆ ಹೇಳುತ್ತಾರೆ ನೋಡುತ್ತಿರಿ. ಅಣ್ಣ, ನಾನು ಹೌಸಿಂಗ್ ಬೋರ್ಡ್ ಮನೆಗೆ ಸೊಸೆಯಾಗಿ ಬಂದಾಗ ಬೋರ್ ನೀರಿಗೆ ಬಿಂದಿಗೆ ಸಾಲು ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಿಂದಿಗೆ ಇಟ್ಟು ಬರುತ್ತಿದ್ದೆ, ಮೇಲೆ ಗುರುತಿಗೆ ಒಂದು ಇಟ್ಟಿಗೆ. ಅದನ್ನೂ ನೆನಪಿಟ್ಟುಕೊಳ್ಳಿ.

ಸಂತೆ ಬೀದಿ – ರಾತ್ರಿ 11:31

ಒಪ್ಪಿದೆ ತಾಯಿ. ಆಗ ಎಲ್ಲ ಚೆನ್ನಾಗಿತ್ತು ಅಂತ ನಾನೆಲ್ಲಿ ಹೇಳಿದೆ? ಆಗ ಬೈಯಲು ಒಬ್ಬ ಮನುಷ್ಯ ಇದ್ದ. ಸಂತೆ ದಿನ ಅಲ್ಲೇ ಸೊಪ್ಪು ಕೊಳ್ಳುತ್ತಾ ಸಿಗುತ್ತಿದ್ದ. ಬೈದರೆ ಬೈಸಿಕೊಳ್ಳುತ್ತಿದ್ದ. ಈಗ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಬೆಂಗಳೂರಿಗೆ ಕಾರ್ಪೊರೇಟರೇ ಇಲ್ಲ. ಐದು ವರ್ಷ ದಾಟಿತು. ಶಾಸಕರ ಹತ್ತಿರ ಚರಂಡಿ ಕಲ್ಲಿಗೆ ಹೋಗಲಾಗುತ್ತದಾ?

ಹಾವಕ್ಕಿ – ಭಾನುವಾರ, ಬೆಳಿಗ್ಗೆ 8:20

ಹೊಸಬರೇ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಬರುತ್ತೇನೆ. ಈಗಷ್ಟೇ ಪುಟ್ಟೇನಹಳ್ಳಿ ಕೆರೆಯಿಂದ ಬಂದೆ, ಬೂಟಿನ ಕೆಸರೂ ಒಣಗಿಲ್ಲ.

ನೀವಿರುವ ಉಪನಗರದ ಪಕ್ಕದಲ್ಲೇ ಇದೆ. ಸಣ್ಣ ಕೆರೆ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಯ್ತು. ಆದ್ದರಿಂದ ಇದು ಅರಣ್ಯ ಇಲಾಖೆ ಸುಪರ್ದಿಯಲ್ಲಿದೆ, ಪಾಲಿಕೆಗೆ ಸೇರಿದ್ದಲ್ಲ. ಬೇಲಿ ಮುರಿದರೆ, ಯಾರಾದರೂ ಬಲೆ ಹಾಕಿದರೆ ಅವರ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇವತ್ತು ಒಂದು ಹಾವಕ್ಕಿ ನೋಡಿದೆ. ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ, ಥೇಟ್ ಹಾವು ಈಜಿದ ಹಾಗೆ. ಮುಳುಗಿತು. ಎದ್ದಾಗ ಕೊಕ್ಕಿನ ತುದಿಗೆ ಮೀನು ಚುಚ್ಚಿಕೊಂಡಿತ್ತು. ಮೀನನ್ನು ಗಾಳಿಗೆ ಎಸೆದು, ತಲೆ ಮುಂದಾಗಿ ಬೀಳುವ ಹಾಗೆ ಹಿಡಿದು ನುಂಗಿತು. ಆಮೇಲೆ ಒಣಮರದ ಮೇಲೆ ಕೂತು ರೆಕ್ಕೆ ಅಗಲಿಸಿ ಬಟ್ಟೆ ಹರವಿದಂತೆ ಒಣಗಿಸಿಕೊಂಡಿತು. ಬಣ್ಣದ ಕೊಕ್ಕರೆ, ನೀರುಕಾಗೆ, ಬಕ ಎಲ್ಲ ಇವೆ. ಬೆಳಿಗ್ಗೆ ಬೇಗ ಹೋಗಿ, ಬಿಳಿ ಅಂಗಿ ಬೇಡ, ಬಿಸ್ಕತ್ತು ಹಾಕಬೇಡಿ.

ದಕ್ಷಿಣದವನು – ಬೆಳಿಗ್ಗೆ 9:02

ಪುಟ್ಟೇನಹಳ್ಳಿ ಕೆರೆ ನಮ್ಮ ಜೆ.ಪಿ. ನಗರದ್ದು ಕಣ್ರೀ. ಯಲಹಂಕಕ್ಕೆ ಯಾವಾಗ ಹೋಯ್ತು?

ಹಾವಕ್ಕಿ – ಬೆಳಿಗ್ಗೆ 9:10

ಸಾರ್, ಬೆಂಗಳೂರಿಗೆ ಪುಟ್ಟೇನಹಳ್ಳಿ ಎರಡು. ನಿಮ್ಮದು ನಿವಾಸಿಗಳೇ ಸೇರಿ ನೋಡಿಕೊಳ್ಳುವ ಕೆರೆ, ಅದಕ್ಕೆ ಕೈಮುಗಿಯಬೇಕು. ಆದರೆ ಹೋದ ವರ್ಷ ಒಂದು ಕುಟುಂಬ ಕ್ಯಾಬ್ ಬುಕ್ ಮಾಡಿಕೊಂಡು ನಮ್ಮ ಗೇಟಿಗೆ ಬಂದು "ಇಲ್ಲಿ ಯೋಗ ಕ್ಲಾಸ್ ಎಲ್ಲಿ?" ಅಂತ ಕೇಳಿತು. ಊರಿನ ಆ ತುದಿಯಿಂದ ಈ ತುದಿಗೆ. ಅಜ್ಜಿ ಕೈಯಲ್ಲಿ ಮ್ಯಾಟ್ ಬೇರೆ.

ಗಾಲಿ ಕಾರ್ಖಾನೆ – ಬೆಳಿಗ್ಗೆ 10:44

ಹಾವಕ್ಕಿಯವರೇ, ಕೆರೆ ಪಕ್ಕದ ವಿದ್ಯುತ್ ಸ್ಥಾವರದ ಬಗ್ಗೆ ಹೇಳಲಿಲ್ಲ. ಮೊದಲು ಡೀಸೆಲ್‌ನದ್ದಿತ್ತು, ಈಗ 370 ಮೆಗಾವಾಟ್ ಅನಿಲ ಸ್ಥಾವರ. ಒಂದು ಕಡೆ ಕೊಕ್ಕರೆ ಗೂಡು, ಇನ್ನೊಂದು ಕಡೆ ಚಿಮಣಿ. ಫೋಟೋ ತೆಗೆಯುವವರೆಲ್ಲ ಚಿಮಣಿ ಬಿಟ್ಟು ತೆಗೆಯುತ್ತಾರೆ. ನನಗೆ ಎರಡೂ ಒಟ್ಟಿಗೆ ಇರುವ ಫೋಟೋನೇ ಇಷ್ಟ, ಯಲಹಂಕ ಇರುವುದೇ ಹಾಗೆ.

ಹೊರಗಿನವರಿಗೆ ಯಲಹಂಕ ಅಂದರೆ ವಿಮಾನ. ನಮಗೆ ಗಾಲಿ. 1984ರಲ್ಲಿ ಶುರುವಾದ ರೈಲ್ವೆಯ ಗಾಲಿ ಮತ್ತು ಆಕ್ಸಲ್ ಕಾರ್ಖಾನೆ. ಹಳೇ ಸವೆದ ಗಾಲಿ, ಗುಜರಿ ಉಕ್ಕು ಎಲ್ಲ ಕುಲುಮೆಗೆ ಹೋಗುತ್ತದೆ, ಗ್ರಾಫೈಟ್ ಅಚ್ಚಿನಲ್ಲಿ ಹೊಸ ಗಾಲಿ ಆಗಿ ಹೊರಗೆ ಬರುತ್ತದೆ. ದೇಶದ ಯಾವ ಮೂಲೆಯಲ್ಲಿ ರೈಲು ಹತ್ತಿದರೂ ನಾನು ಬಗ್ಗಿ ಗಾಲಿ ನೋಡುತ್ತೇನೆ. ನಮ್ಮನೆಯವಳು ಬೈಯುತ್ತಾಳೆ.

ನ್ಯೂಟೌನ್ ಅಕ್ಕ – ಬೆಳಿಗ್ಗೆ 11:20

ವಿಮಾನದ ಮಾತು ಬಂತಲ್ಲ, ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ. ಏರ್ ಷೋ ಬರುವ ವರ್ಷ ಫೆಬ್ರವರಿಯಲ್ಲಿ ನಿಮಗೆ ಮಟನ್ ಸಿಗುವುದಿಲ್ಲ. ತಮಾಷೆ ಅಲ್ಲ. ಮಾಂಸದ ಚೂರಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ. 2025ರಲ್ಲಿ 13 ಕಿಲೋಮೀಟರ್ ಸುತ್ತ ಅಂಗಡಿ, ಹೋಟೆಲು ಎಲ್ಲ ಬಂದ್ ಅಂತ ಆದೇಶ ಇತ್ತು. ನಮ್ಮ ಮೈದುನನ ಮಗಳ ಬೀಗರೂಟ ಅದೇ ವಾರ ಬಿದ್ದು, ಬೀಗರಿಗೆ ಹುರುಳಿಕಾಳು ಬಸ್ಸಾರು ಬಡಿಸಿದೆವು. ಇವತ್ತಿಗೂ ಆಡಿಕೊಳ್ಳುತ್ತಾರೆ.

ಕೆರೆ ಕೆಳಗಿನವಳು – ಮಧ್ಯಾಹ್ನ 2:15

ಎಲ್ಲ ತಮಾಷೆ ಸರಿ. ಆದರೆ "ಯಾವುದು ಯಾರಿಗೆ" ಅನ್ನುವ ಪ್ರಶ್ನೆ ನಮ್ಮಂಥವರಿಗೆ ತಮಾಷೆ ಅಲ್ಲ.

2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನುಗ್ಗಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಜಾಗ, ಅದೇ ನೀರು, ಮತ್ತೆ ಬೋಟು. ನಮ್ಮ ಚಿಕ್ಕಮ್ಮ ಎರಡನೇ ಮಹಡಿಯಲ್ಲಿದ್ದರು. ಲಿಫ್ಟ್ ನಿಂತಿತ್ತು, ಸಂಪಿನ ನೀರಿಗೆ ಹೊಲಸು ಸೇರಿತ್ತು. ಬಾಲ್ಕನಿಯಿಂದ ಹಗ್ಗಕ್ಕೆ ತರಕಾರಿ ಬುಟ್ಟಿ ಕಟ್ಟಿ ಇಳಿಬಿಟ್ಟರು. ಕೆಳಗೆ ಬೋಟಿನವರು ಅದರಲ್ಲಿ ಹಾಲಿನ ಪ್ಯಾಕೆಟ್ಟು, ಬ್ರೆಡ್ಡು ಹಾಕಿದರು. ಚಿಕ್ಕಮ್ಮ ಅದೇ ಬುಟ್ಟಿಯಲ್ಲಿ ಚಿಲ್ಲರೆ ದುಡ್ಡು ಇಳಿಸಿದರಂತೆ. ಅವರು ತಗೊಳ್ಳಲಿಲ್ಲ.

ಕಾರಣ ಏನೂ ಗುಟ್ಟಲ್ಲ. ಏರಿ ಕೆಳಗೆ ಗದ್ದೆ ಇರಬೇಕು, ಅಲ್ಲಿ ಈಗ ಮನೆಗಳಿವೆ. ಕೋಡಿ ನೀರು ಹೋಗುವ ರಾಜಕಾಲುವೆ ಕಿರಿದಾಗಿದೆ. ಕೆರೆ ಒಬ್ಬರದು, ಕಾಲುವೆ ಇನ್ನೊಂದು ವಿಭಾಗದ್ದು, ಒಳಚರಂಡಿ ಜಲಮಂಡಳಿಯದು, ಹೆದ್ದಾರಿ ಕೆಳಗಿನ ಮೋರಿ ಹೆದ್ದಾರಿಯವರದು. ನೀರಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಅದು ಇಳಿಜಾರು ನೋಡಿ ಹೋಗುತ್ತದೆ.

ಅಲ್ಲಾಳಸಂದ್ರ ಗೇಟ್ – ಮಧ್ಯಾಹ್ನ 3:00

ಸರಿಯಾಗಿ ಹೇಳಿದಿರಿ ಅಕ್ಕ. ಯಲಹಂಕ ಕೆರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ. ಮೇಲಿನ ಕೆರೆಯಲ್ಲಿ ಹೂಳು ತುಂಬಿದರೆ ಕೆಳಗಿನವರು ಮುಳುಗುತ್ತಾರೆ.

ಆದರೆ ಅದೇ ಸರಪಳಿಯಲ್ಲಿ ಒಂದು ಒಳ್ಳೇ ಕೆಲಸವೂ ಇದೆ. ಜಕ್ಕೂರಿನಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ ಮೊದಲು ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರು ಸಂಸ್ಕರಿಸುವ ಹಾಗೆ ಶುರುವಾಯ್ತು. ಆ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ತೇವಭೂಮಿಗೆ ಹೋಗುತ್ತದೆ. ಜೊಂಡಿನ ಬೇರು ಉಳಿದ ಕಶ್ಮಲ ಹೀರುತ್ತದೆ, ಆಮೇಲೆ ಕೆರೆ. ಬೇಸಿಗೆಯಲ್ಲೂ ಅಲ್ಲಿ ನೀರು ಇರುವುದು, ಮೀನು ಹಿಡಿಯುವವರು ಬದುಕಿರುವುದು ಇದರಿಂದ. ಸಂಜೆ ನಾಲ್ಕರ ಮೇಲೆ ಹೋದರೆ ಏರಿ ಮೇಲೆ ಗಾಳಿ ಚೆನ್ನಾಗಿರುತ್ತದೆ. ಹೊಸಬರು ಅಪ್ಪ ಅಮ್ಮನನ್ನ ಅಲ್ಲಿಗೂ ಕರೆದುಕೊಂಡು ಹೋಗಿ. ಪಕ್ಕದಲ್ಲೇ ಜಕ್ಕೂರು ಏರೋಡ್ರೋಮ್, 1948ರದ್ದು. ಪುಟ್ಟ ವಿಮಾನ ಏರುವುದು ಕಾಣುತ್ತದೆ.

ರಾಜಾನುಕುಂಟೆ ರಸ್ತೆ – ಸಂಜೆ 5:37

ನಾವು ಪಾಲಿಕೆಯ ಗೆರೆಯಾಚೆ ಇರುವವರು, ಗ್ರಾಮ ಪಂಚಾಯ್ತಿ. ನಮ್ಮಲ್ಲಿ ಬೈಯಲು ಸದಸ್ಯರು ಇದ್ದಾರೆ, ಸಂತೆ ಬೀದಿ ಸಾರ್ ಹೊಟ್ಟೆ ಉರಿದುಕೊಳ್ಳಲಿ.

ಆದರೆ ನಮ್ಮ ಕಡೆಯ ಕಥೆ ಕೇಳಿ. ಸಿಂಗನಾಯಕನಹಳ್ಳಿ ಕೆರೆ ವರ್ಷಗಟ್ಟಲೆ ಒಣಗಿತ್ತು. ಅಂಗಳದಲ್ಲಿ ಮರ ಬೆಳೆದು ಕಾಡೇ ಆಗಿದೆ. ನವಿಲು ಕೂಗುತ್ತದೆ. 2022ರಲ್ಲಿ ಕೆರೆ ಅಭಿವೃದ್ಧಿಗೆ 6,316 ಮರ ಕಡಿಯಬೇಕು ಅಂತ ನೋಟಿಸ್ ಬಂತು. 50ಕ್ಕಿಂತ ಜಾಸ್ತಿ ಮರ ಆದರೆ ಜನರ ಆಕ್ಷೇಪಣೆ ಕೇಳಲೇಬೇಕು, ಅದಕ್ಕೇ ವಿಷಯ ಹೊರಗೆ ಬಂತು. ಊರೆಲ್ಲ ಗಲಾಟೆ, ಹೈಕೋರ್ಟ್ ತನಕ ಹೋಯ್ತು.

ಪೇಟೆಯವರು "ಮರ ಉಳಿಸಿ" ಅಂದರು. ನಮ್ಮ ಮಾವ ಕೇಳಿದ್ದು ಬೇರೆ: "ಕೆರೆ ಅಂದರೆ ನೀರಾ ಮರಾನಾ?" ಅವರ ಬೋರ್‌ವೆಲ್ ಸಾವಿರ ಅಡಿ ಹೋಗಿದೆ. ನಾನು ಆಕ್ಷೇಪಣೆಗೆ ಸಹಿ ಹಾಕಿದೆ. ಒಂದು ತಿಂಗಳು ಮಾವ ನನ್ನ ಜೊತೆ ಮಾತಾಡಲಿಲ್ಲ. ಇವತ್ತಿಗೂ ನಾನು ಸರಿಯಾ ಅವರು ಸರಿಯಾ ಅಂತ ಪೂರ್ತಿ ಗಟ್ಟಿಯಾಗಿ ಹೇಳಲಾರೆ.

ಹಾವಕ್ಕಿ – ಸಂಜೆ 6:10

ನೀವು ಸರಿ ಅಂತ ನಾನು ಹೇಳುತ್ತೇನೆ. ಮರ ಕಡಿದು ಹೂಳೆತ್ತಿ, ಸಂಸ್ಕರಿಸಿದ ನೀರು ತುಂಬಿ, ಸುತ್ತ ಟೈಲ್ಸ್ ಹಾಕಿದರೆ ಅದು ಕೆರೆ ಆಗಲ್ಲ, ಸೂಪ್ ಬೌಲ್ ಆಗುತ್ತದೆ.

ರಾಜಾನುಕುಂಟೆ ರಸ್ತೆ – ಸಂಜೆ 6:22

ಅಣ್ಣ, ನಿಮ್ಮ ಮನೆ ನಲ್ಲಿಯಲ್ಲಿ ಕಾವೇರಿ ಬರುತ್ತಾ?

ಹಾವಕ್ಕಿ – ಸಂಜೆ 6:40

ಬರುತ್ತದೆ. ಸರಿ, ಆ ಮಾತಿಗೆ ಉತ್ತರ ಇಲ್ಲ ನನ್ನ ಹತ್ತಿರ. ಆದರೂ ಅಂಗಳದ ಅಂಚಿನ ಮರಗಳನ್ನಾದರೂ ಬಿಟ್ಟು ಮಾಡಬಹುದಲ್ವಾ? ಒಂದೇ ಏಟಿಗೆ 6,316 ಯಾಕೆ?

ರಾಜಾನುಕುಂಟೆ ರಸ್ತೆ – ಸಂಜೆ 6:48

ಅದನ್ನೇ ನಾನೂ ಬರೆದುಕೊಟ್ಟಿದ್ದು.

ಜಿಕೆವಿಕೆ ಹಿಂಬದಿ – ರಾತ್ರಿ 8:30

ಮೊನ್ನೆ ಕೃಷಿ ಮೇಳದ ಗದ್ದಲ ಮುಗಿಯಿತು, ಈಗ ನಮ್ಮ ಕಡೆ ಶಾಂತ. ಕೃಷಿ ವಿಶ್ವವಿದ್ಯಾಲಯದ ಆವರಣ ಸುಮಾರು 1,300 ಎಕರೆ. ಅದರ ಒಂದು ಭಾಗವನ್ನು ರಾಜ್ಯ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಮಾಡಿದೆ. ಹಾಗಾಗಿ ಇಲ್ಲಿ ಮರಗಳಿಗೆ ಯಜಮಾನರು ಇನ್ನೂ ಬೇರೆ. ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ: ರಸ್ತೆ ಮರ ಪಾಲಿಕೆಗೆ, ಪುಟ್ಟೇನಹಳ್ಳಿಯೂ ಜಾರಕಬಂಡೆ ಕಾವಲೂ ಅರಣ್ಯ ಇಲಾಖೆಗೆ, ಇದು ವಿಶ್ವವಿದ್ಯಾಲಯಕ್ಕೆ.

ಹೊಸಬರಿಗೆ ಕಾರು ಇದ್ದರೆ ಇನ್ನೊಂದು ಹೇಳುತ್ತೇನೆ. ದೇವನಹಳ್ಳಿ ದಾಟಿ ನಲ್ಲೂರು ಹುಣಸೆ ತೋಪು ನೋಡಿ. 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು ಅದೇ. ಕಾಂಡ ಒಡೆದು, ಟೊಳ್ಳಾಗಿ, ನೆಲಕ್ಕೆ ಬಾಗಿ ಮತ್ತೆ ಎದ್ದ ಮರಗಳು. ದೊಡ್ಡವರಿಗೆ ಇಷ್ಟ ಆಗುತ್ತದೆ. ಪಾರ್ಕಿನ ಹಾಗೆ ಬಣ್ಣ ಬಳಿದ ಬೆಂಚು ಇರುತ್ತದೆ ಅಂದುಕೊಂಡು ಹೋಗಬೇಡಿ.

ಸಂತೆ ಬೀದಿ – ರಾತ್ರಿ 9:15

ಹಳೇ ಊರನ್ನ ಎಲ್ಲರೂ ಮರೆತಿರಿ! ಕೋಟೆ ಬೀದಿಗೆ ಬನ್ನಿ, ವೇಣುಗೋಪಾಲಸ್ವಾಮಿ ಗುಡಿ ನೋಡಿ, ಮಹೇಶ್ವರಮ್ಮನಿಗೆ ಕೈ ಮುಗಿಯಿರಿ. ಕೋಟೆ ಎಲ್ಲಿ ಅಂತ ಕೇಳಬೇಡಿ, ಹೆಸರು ಮಾತ್ರ ಉಳಿದಿದೆ. ಹಳೇ ತಮಿಳು ಶಾಸನಗಳಲ್ಲಿ ಇದು ಇಳೈಪ್ಪಾಕ್ಕ ನಾಡು. ಬೆಂಗಳೂರಿಗಿಂತ ದೊಡ್ಡ ಹೆಸರು ಇದ್ದ ಕಾಲ ಒಂದಿತ್ತು. ಈಗ ಬಸ್ಸಿನವನು "ಮದರ್ ಡೈರಿ, ಎನ್‌ಇಎಸ್, ಸಂತೆ" ಅಂತ ಕೂಗಿದರೆ ಅದೇ ನಮ್ಮ ಇತಿಹಾಸ.

ಉಪನಗರದಿಂದ ಬರುವಾಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಸಿಗುತ್ತದೆ. 2008ರಲ್ಲಿ ಮುಂಬೈಯಲ್ಲಿ ತೀರಿಕೊಂಡ ಆ ಹುಡುಗ ನಮ್ಮೂರಿನವನೇ. ಆ ಹೆಸರನ್ನ ಪೂರ್ತಿ ಹೇಳಿ, "ಎಂಎಸ್‌ಯು ರೋಡ್" ಅನ್ನಬೇಡಿ. ನನ್ನ ಮೊಮ್ಮಗನಿಗೂ ಅದನ್ನೇ ಹೇಳುವುದು.

ಉಪನಗರದ ಹೊಸಬ – ಮುಂದಿನ ಭಾನುವಾರ, ರಾತ್ರಿ 8:50

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ.

1533ಕ್ಕೆ ಸೋಮವಾರ ಫೋನ್ ಮಾಡಿದೆ. ಗುರುವಾರ ಲಾರಿ ಬಂತು, ನಾಲ್ಕು ಜನ, ಒಂದು ಮೆಷಿನ್ ಗರಗಸ. ಇಪ್ಪತ್ತು ನಿಮಿಷದ ಕೆಲಸ. ಐದು ವಾರ ಕಾದ ಕೊಂಬೆ! ಮಕ್ಕಳು ಎರಡು ಗೂಟ ಮಾತ್ರ ಬಿಟ್ಟುಕೊಡಲಿಲ್ಲ, ಅಳುವುದೊಂದು ಬಾಕಿ. ಕೊನೆಗೆ ಲಾರಿಯವರೇ ಮೂರು ಸಮನಾಗಿ ಕತ್ತರಿಸಿ ತುದಿ ಚೂಪು ಮಾಡಿ ಕೊಟ್ಟು ಹೋದರು.

ಪುಟ್ಟೇನಹಳ್ಳಿಯಲ್ಲಿ ಹಾವಕ್ಕಿ ಕಾಣಲಿಲ್ಲ, ಬಣ್ಣದ ಕೊಕ್ಕರೆ ಬೇಕಾದಷ್ಟು ಕಂಡವು. ಅಮ್ಮನಿಗೆ ಕೋಟೆ ಬೀದಿ ಗುಡಿ ಹಿಡಿಸಿತು. ಅಪ್ಪ ಭದ್ರಾ ಅಚ್ಚುಕಟ್ಟಿನ ರೈತ. ಯಲಹಂಕ ಕೆರೆ ಏರಿ ಮೇಲೆ ಅರ್ಧ ಗಂಟೆ ಓಡಾಡಿ, ವಾಕಿಂಗ್ ಮಾಡುತ್ತಿದ್ದವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ತೂಬು ಎಲ್ಲಿದೆ?" ಕೆರೆ ನೀರನ್ನ ಗದ್ದೆಗೆ ಬಿಡುವ ಬಾಯಿ ಅದು. ಆರು ಜನರನ್ನ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಕೆಫೆಯ ಹೆಸರು ಅಂದುಕೊಂಡು ಮೊಬೈಲಿನಲ್ಲಿ ಹುಡುಕಿದರು.

ಸಂತೆ ಬೀದಿ – ರಾತ್ರಿ 9:04

ನಿಮ್ಮಪ್ಪ ಯಾವಾಗ ವಾಪಸ್ ಹೋಗುತ್ತಾರೆ? ನಾಳೆ ಬೆಳಿಗ್ಗೆ ಆರೂವರೆಗೆ ಏರಿ ಹತ್ತಿರ ಕರೆದುಕೊಂಡು ಬನ್ನಿ. ನನಗೆ ಗೊತ್ತಿರುವ ಮಟ್ಟಿಗೆ ತೋರಿಸುತ್ತೇನೆ. ಹುಡುಗರಾಗಿದ್ದಾಗ ನಾವು ಅಲ್ಲಿಂದಲೇ ಹಾರುತ್ತಿದ್ದೆವು.

ಕೆರೆ ಕೆಳಗಿನವಳು – ರಾತ್ರಿ 9:11

ನಾನೂ ಬರುತ್ತೇನೆ. ಕೋಡಿ ಕಡೆಯಿಂದ ರಾಜಕಾಲುವೆವರೆಗೂ ನಡೆದು ಫೋಟೋ ತೆಗೆಯೋಣ, ಮುಂದಿನ ಮಳೆಗಾಲಕ್ಕೆ ಮೊದಲು ಬೇಕಾಗುತ್ತದೆ.

ಅಟ್ಟೂರು ಕ್ರಾಸ್ – ರಾತ್ರಿ 10:26

ಸ್ನೇಹಿತರೇ, ವಿಷಯ ಸ್ವಲ್ಪ ಬೇರೆ. ನಮ್ಮ ಬೀದಿದೀಪ ಹಗಲೆಲ್ಲ ಉರಿಯುತ್ತದೆ, ರಾತ್ರಿ ಆರುತ್ತದೆ. ಇದು 1912ಆ, 1533ಆ?